ನೋಡದೇ ಬಿಚ್ಚಬೇಡಿ ಮಾರಾಯ್ರೇ

ಆಯಿಲ್ ಸೋರುತ್ತದೆ ಅಂತ ಮೂರನೇ ಗ್ಯಾರೇಜಿನಲ್ಲಿ ನಮ್ಮ ಜೀಪಿನ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಹೊರಗೆ ತೆಗೆದಾಗ ಅದು ಒಣಗಿಕೊಂಡು ಧೂಳು ಹಿಡಿದಿತ್ತು. ಒಂದು ತೊಟ್ಟು ಆಯಿಲ್ ಇರಲಿಲ್ಲ. ನಾನೂ ನೋಡಿದೆ, ಮೆಕ್ಯಾನಿಕ್ಕೂ ನೋಡಿದರು. ಇಂಜಿನ್ನಿನ ಹಿಂದೆ ಆಯಿಲ್ ತಡೆಯುವ ಬಳೆ, ಅಂದರೆ ಸೀಲ್, ಹೋಗಿ ಇಷ್ಟು ಆಯಿಲ್ ಸೋರುತ್ತಿದ್ದರೆ ಅದರ ಪಕ್ಕದಲ್ಲೇ ಇರುವ ಪ್ಲೇಟ್ ಒಣಗಿರುವುದಕ್ಕೆ ಸಾಧ್ಯವೇ ಇಲ್ಲ. "ಪ್ಲೇಟ್ ಒಣಗಿದೆಯಲ್ಲ, ಹಾಗಾದ್ರೆ ಸೀಲ್ ಸರಿ ಇದೆ ಅಲ್ವಾ?" ಅಂತ ಕೇಳಿದೆ. "ಗೌಡ್ರೇ, ಹೆಂಗೂ ಬಿಚ್ಚಿದೀವಿ, ಹೊಸದು ಹಾಕ್ಬಿಡಣ" ಅಂದರು. ಹೊಸ ಸೀಲ್ ಹಾಕಿದರು. ಕ್ಲಚ್ ಪ್ಲೇಟೂ ಹೊಸದು ಹಾಕಿದರು. 17,600 ರೂಪಾಯಿ ತೆಗೆದುಕೊಂಡರು. ನಾಲ್ಕನೇ ದಿನ ಶೆಡ್ಡಿನ ನೆಲದ ಮೇಲೆ ಮತ್ತೆ ಅದೇ ಕಪ್ಪು ಕಲೆ.

ಸಿಟ್ಟು ಬರುತ್ತದೋ ಇಲ್ಲವೋ ನೀವೇ ಹೇಳಿ.

ನಮ್ಮದು ಕೊಪ್ಪ ಕಡೆ. ಟಾರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಹಳ್ಳ, ಆಮೇಲೆ ಕಡಿದಾದ ಏರು. ಮೇ ಕೊನೆಯಿಂದ ಅಕ್ಟೋಬರ್ ತನಕ ಆ ಏರನ್ನು ಫೋರ್ ವೀಲ್ ಹಾಕಿದ ಜೀಪ್ ಬಿಟ್ಟರೆ ಇನ್ಯಾವ ಗಾಡಿಯೂ ಹತ್ತುವುದಿಲ್ಲ. ಗೊಬ್ಬರ, ಗ್ಯಾಸು, ಅಕ್ಕಿ ಮೂಟೆ ಎಲ್ಲ ಅದರಲ್ಲೇ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಅದರಲ್ಲೇ. ಪೇಟೆಯಲ್ಲಿ ಜೀಪ್ ಅಂದರೆ ಶೋಕಿ ಅಂದುಕೊಳ್ಳುತ್ತಾರೆ. ನಮಗೆ ಅದು ಮನೆಯ ಕಾಲು.

ಯುಗಾದಿ ಕಳೆದ ಮೇಲೆ ಈ ಹಳೇ ಜೀಪ್ ತಗೊಂಡೆ. ನೋಡಲು ಹೋದ ದಿನ ಬಾನೆಟ್ ಎತ್ತಿದರೆ ಇಂಜಿನ್ ಫಳಫಳ ಅನ್ನುತ್ತಿತ್ತು. "ಒಂದ್ ತೊಟ್ಟು ಆಯಿಲ್ ಬೀಳಲ್ಲ ಗೌಡ್ರೇ" ಅಂದರು ಮಾರಿದವರು. ಜೀಪನ್ನು ಆಗಲೇ ಶೆಡ್ಡಿಂದ ಅಂಗಳಕ್ಕೆ ತಂದು ನಿಲ್ಲಿಸಿದ್ದರು. ಶೆಡ್ಡಿನ ನೆಲದ ಮೇಲೆ ಹೊಸದಾಗಿ ಮರಳು ಎರಚಿತ್ತು. ಅದು ಕಣ್ಣಿಗೆ ಬಿದ್ದಿತ್ತು, ಆದರೆ ತಲೆಗೆ ಹೋಗಲಿಲ್ಲ. ಇಪ್ಪತ್ತು ವರ್ಷ ಮಲೆನಾಡಿನಲ್ಲಿ ಓಡಿದ ಡೀಸೆಲ್ ಇಂಜಿನ್ ಹೊಳೆಯುವುದು ಹೇಗೆ? ಹಿಂದಿನ ದಿನ ಡೀಸೆಲ್ ಹಾಕಿ ಉಜ್ಜಿ ತೊಳೆದಿದ್ದರು. ಸೋರುತ್ತದೆ ಅಂತ ಒಂದು ಮಾತು ಹೇಳಿದ್ದರೆ ನಾನು ಬೇಡ ಅನ್ನುತ್ತಿರಲಿಲ್ಲ. ಐದು ಸಾವಿರ ಕಮ್ಮಿ ಮಾಡಿಸಿಕೊಂಡು ತರುತ್ತಿದ್ದೆ ಅಷ್ಟೇ. ಸುಳ್ಳು ಯಾಕೆ ಹೇಳಬೇಕು?

ಹಳೇ ಗಾಡಿ ತಗೊಳ್ಳುವವರು ಯಾರಾದರೂ ಇದ್ದರೆ ಕೇಳಿ, ತೊಳೆದು ಹೊಳೆಯುವ ಇಂಜಿನ್ ನೋಡಿ ಖುಷಿಪಡಬೇಡಿ. ಆ ಗಾಡಿ ದಿನಾ ನಿಲ್ಲುತ್ತಿದ್ದ ಜಾಗ ನೋಡಿ. ಒಂದು ತಾಸು ಓಡಿಸಿ, ಕೆಳಗೆ ರಟ್ಟು ಹಾಸಿ, ಚಹಾ ಕುಡಿದು ಬಂದು ನೋಡಿ.

ಮನೆಗೆ ತಂದು ಎರಡು ವಾರಕ್ಕೆ ಸೋರಲು ಶುರುವಾಯಿತು. ಮೊದಲನೇ ಗ್ಯಾರೇಜಿನವರು ಬಾನೆಟ್ ಎತ್ತಿದರು, ಇಂಜಿನ್ನಿನ ತಲೆಯ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್, ಅದರ ಸಂದಿನ ಪ್ಯಾಕಿಂಗ್ ಹೋಗಿದೆ ಅಂದರು, ಬದಲಾಯಿಸಿದರು. 2,300 ರೂಪಾಯಿ. ಹತ್ತು ದಿನ ಚೆನ್ನಾಗಿತ್ತು, ಆಮೇಲೆ ಕೆಳಗಡೆಯಿಂದ ಸೋರಿತು. ಎರಡನೆಯವರು ಇಂಜಿನ್ ಚೇಂಬರ್ ಪ್ಯಾಕಿಂಗ್ ಅಂದರು. ಚೇಂಬರ್ ಬಿಚ್ಚಿ, ಹೊಸ ಪ್ಯಾಕಿಂಗ್ ಇಟ್ಟು, ಅದರ ಮೇಲೆ ಕೈತುಂಬ ಗಮ್ ಮೆತ್ತಿದರು. ಬೋಲ್ಟುಗಳನ್ನು ಮೈಮೇಲೆ ಬಂದವರ ಹಾಗೆ ಬಿಗಿದರು. ಚೇಂಬರ್ ಅಂದರೆ ಇಂಜಿನ್ನಿನ ಬುಡದಲ್ಲಿ ಆಯಿಲ್ ನಿಲ್ಲುವ ತಗಡಿನ ತಟ್ಟೆ. ಅದರ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಜಾಸ್ತಿ ಬಿಗಿದರೆ ಅಂಚು ಸೊಟ್ಟಗಾಗಿ ಇನ್ನೂ ಸೋರುತ್ತದೆ. ಗಮ್ ಜಾಸ್ತಿಯಾದರೆ ಒಳಗೂ ಉಕ್ಕಿ ಗಟ್ಟಿಯಾಗುತ್ತದೆ. ಅದರ ಚೂರು ಕಿತ್ತು ಬಂದು ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಂಡರೆ ಇಂಜಿನ್ನಿಗೆ ಆಯಿಲೇ ಏರುವುದಿಲ್ಲ. ಹೊರಗೆ ಸೋರುವುದನ್ನು ನಿಲ್ಲಿಸಲು ಹೋಗಿ ಒಳಗೆ ಬೇರಿಂಗ್ ತಿನ್ನಿಸುವ ಕೆಲಸ ಇದು. 4,500 ರೂಪಾಯಿ. ಒಂದು ವಾರ ತಡೆಯಿತು.

ಜುಲೈ ಬರುವಷ್ಟರಲ್ಲಿ ವಾರಕ್ಕೆ ಒಂದು ಲೀಟರ್ ಹತ್ತಿರ ಆಯಿಲ್ ಹಾಕುತ್ತಿದ್ದೆ. ದಿನಾ ಬೆಳಿಗ್ಗೆ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡದೆ ಸ್ಟಾರ್ಟ್ ಮಾಡಲು ಭಯ. ಅದಕ್ಕಿಂತ ಹೊಟ್ಟೆ ಉರಿದದ್ದು ಹಳ್ಳ ದಾಟುವಾಗ. ಜೀಪ್ ದಾಟಿದ ಮೇಲೆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ತೇಲುತ್ತಿತ್ತು. ಅದೇ ನೀರು ಕೆಳಗಿನ ಮನೆಯವರ ಗದ್ದೆಗೆ ಹೋಗುತ್ತದೆ. ಅವರು ಏನೂ ಅನ್ನಲಿಲ್ಲ. ನನಗೇ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಮೂರನೇ ಗ್ಯಾರೇಜಿನ ಕಥೆ ಮೊದಲೇ ಹೇಳಿದೆ. ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ ಮುಚ್ಚುವ ಕವಚ, ಅಂದರೆ ಬೆಲ್ ಹೌಸಿಂಗ್, ಅದರ ಕೆಳಗೆ ಹನಿಯುತ್ತಿದೆ, ಆದ್ದರಿಂದ ಬ್ಯಾಕ್ ಸೀಲ್ ಹೋಗಿದೆ ಅಂತ ತೀರ್ಮಾನ ಮಾಡಿದರು. ಮೇಲೆ ಬೆರಳು ಹಾಕಿ ನೋಡಲಿಲ್ಲ, ಟಾರ್ಚೂ ಬಿಡಲಿಲ್ಲ. ಆಯಿಲ್ ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹರಿಯುತ್ತದೆ. ಮೇಲೆ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ ಒಸರಿದರೂ ಬಂದು ಹನಿಯುವುದು ಅದೇ ಜಾಗದಲ್ಲಿ. ಹನಿ ಬೀಳುವ ಜಾಗವೇ ಸೋರುವ ಜಾಗ ಅಂದುಕೊಂಡರೆ ಮುಗಿಯಿತು ಕಥೆ. ಹಂಚಿನ ಮನೆಯಲ್ಲಿ ಇರುವವರಿಗೆ ಇದನ್ನು ಹೇಳಿಕೊಡಬೇಕಾ? ನೀರು ಸೋರುವುದು ಒಂದು ಕಡೆ, ಪಕಾಸಿ ಹಿಡಿದು ಬಂದು ತೊಟ್ಟಿಕ್ಕುವುದು ಇನ್ನೊಂದು ಕಡೆ.

ಆ ಗ್ಯಾರೇಜಿನಲ್ಲಿ ಜೀಪ್ ಒಂಬತ್ತು ದಿನ ನಿಂತಿತು. ಪುನರ್ವಸು ಮಳೆ. ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಯುವ ಹೊತ್ತು. ಮೊದಲನೇ ಔಷಧಿ ಮಿರ್ಗದ ಮಳೆ ಹಿಡಿಯುವ ಮೊದಲೇ ಆಗಿತ್ತು. ನಲವತ್ತು, ನಲವತ್ತೈದು ದಿನಕ್ಕೆ ಎರಡನೆಯದು ಬೀಳಲೇಬೇಕು, ಇಲ್ಲದಿದ್ದರೆ ಕಾಯಿಗೆ ಕೊಳೆರೋಗ ಬರುತ್ತದೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅದನ್ನೆಲ್ಲ ಪೇಟೆಯಿಂದ ತಂದು, ಪಂಪು ಡ್ರಮ್ಮುಗಳ ಜೊತೆ ತೋಟಕ್ಕೆ ಇಳಿಸಬೇಕು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಹೇಳಿಟ್ಟಿದ್ದೆ. ಎರಡು ದಿನ ಒಳ್ಳೇ ಹೊಳವು ಬಿದ್ದಿತ್ತು, ಬಿಸಿಲೂ ಬಂದಿತ್ತು. ಜೀಪ್ ಇರಲಿಲ್ಲ. ಬಾಡಿಗೆ ಜೀಪಿಗೆ ಫೋನ್ ಮಾಡಿದರೆ ಎಲ್ಲರೂ ಅವರವರ ತೋಟಕ್ಕೆ ಔಷಧಿ ಸಾಗಿಸುವುದರಲ್ಲಿದ್ದರು. ಕೊನೆಗಾರ ಬೇರೆ ತೋಟಕ್ಕೆ ಹೋದ. ಅವನದೇನೂ ತಪ್ಪಿಲ್ಲ. ಜೀಪ್ ವಾಪಸ್ ಬರುವಷ್ಟರಲ್ಲಿ ಮಳೆ ಮತ್ತೆ ಕಚ್ಚಿಕೊಂಡಿತು. ಎರಡನೇ ಔಷಧಿ ಹದಿನೈದು ದಿನ ತಡವಾಗಿ ಬಿತ್ತು. ಈಗ ಕೆಳಗಿನ ತೋಟದಲ್ಲಿ ದಿನಾ ಬೆಳಿಗ್ಗೆ ಬಿಳಿ ಬೂಷ್ಟು ಹಿಡಿದ ಕಾಯಿ ಉದುರಿ ಬಿದ್ದಿರುತ್ತದೆ. ವರ್ಷದ ದುಡಿಮೆ ಕಣ್ಣೆದುರೇ ನೆಲಕ್ಕೆ ಬೀಳುವುದನ್ನು ನೋಡುವ ಸಂಕಟ ತೋಟ ಮಾಡಿದವರಿಗೆ ಗೊತ್ತು. ಗ್ಯಾರೇಜಿನ ಬಿಲ್ಲಿನಲ್ಲಿ ಅದನ್ನು ಯಾರೂ ಬರೆಯುವುದಿಲ್ಲ.

ಕೊನೆಗೆ ಹೋದ ಭಾನುವಾರ ನಾನೇ ಕೂತೆ. ಬ್ರಷ್ಷು, ಎರಡು ಲೀಟರ್ ಡೀಸೆಲ್, ಹಳೇ ಪಂಚೆ. ಇಂಜಿನ್ನಿನ ಮೇಲಿಂದ ಬುಡದ ತನಕ ಎಲ್ಲವನ್ನೂ ಉಜ್ಜಿ ಒರೆಸಿದೆ. ಮೊದಲು ಸೋರುವುದು ಯಾವ ಆಯಿಲ್ ಅಂತ ನೋಡಿದೆ. ಗೇರ್ ಆಯಿಲ್ ಆದರೆ ಮಂದ ಇರುತ್ತದೆ, ಗಂಧಕದ ಕೆಟ್ಟ ವಾಸನೆ ಹೊಡೆಯುತ್ತದೆ. ಇದು ತೆಳು, ಕಪ್ಪು, ಇಂಜಿನ್ನಿನದೇ. ಒಣಗಿದ ಮೇಲೆ ಜೋಡಣೆಗಳ ಮೇಲೆಲ್ಲ ಮಗಳ ಪೌಡರ್ ಉದುರಿಸಿದೆ. ಹತ್ತು ನಿಮಿಷ ನಿಂತಲ್ಲೇ ಇಂಜಿನ್ ಓಡಿಸಿ ಬಂದ್ ಮಾಡಿ ಟಾರ್ಚ್ ಹಿಡಿದು ನೋಡಿದೆ. ಬಿಳಿ ಪೌಡರಿನ ಮೇಲೆ ಕಪ್ಪು ಗೆರೆ ಸ್ಪಷ್ಟವಾಗಿ ಕಂಡಿತು. ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಶುರುವಾಗಿ ಬೆಲ್ ಹೌಸಿಂಗಿನ ಮೇಲೆ ಇಳಿದಿತ್ತು.

ಹೊಸ ಪ್ಯಾಕಿಂಗ್ ಯಾಕೆ ಸೋರುತ್ತದೆ? ಆಗ ಬ್ರೀದರ್ ಪೈಪ್ ನೆನಪಾಯಿತು. ಇಂಜಿನ್ ಓಡುವಾಗ ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಹೊಗೆ ಚೇಂಬರಿಗೆ ಇಳಿಯುವುದು ಸಹಜ. ಅದು ಹೊರಗೆ ಹೋಗಲು ಇರುವುದೇ ಆ ಪೈಪು. ಕಿತ್ತು ಊದಿದೆ. ಉಸಿರು ದಾಟಲಿಲ್ಲ. ಕಡ್ಡಿ ಹಾಕಿ ಕೆದಕಿದರೆ ಬೆಣ್ಣೆಯಂಥ ಕಂದು ಕೆಸರು, ಅದರ ಹಿಂದೆ ಕಲ್ಲಿನ ಹಾಗೆ ಗಟ್ಟಿಯಾದ ಕಪ್ಪು. ಮಳೆಗಾಲದಲ್ಲಿ ಡೈರಿ ತನಕ ಹೋಗಿ ವಾಪಸ್ ಬರುವ ಸಣ್ಣ ಓಡಾಟದಲ್ಲಿ ಇಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ. ಒಳಗಿನ ತೇವ ಆಯಿಲ್ ಜೊತೆ ಸೇರಿ ಹೀಗೆ ಕಟ್ಟಿಕೊಳ್ಳುತ್ತದೆ. ದಾರಿ ಮುಚ್ಚಿದ ಹೊಗೆ ಎಲ್ಲಿ ಬಲ ಕಮ್ಮಿಯೋ ಅಲ್ಲಿ ಆಯಿಲನ್ನು ಹೊರಗೆ ತಳ್ಳುತ್ತದೆ. ಒಂದು ಪ್ಯಾಕಿಂಗ್ ಹೊಸದು ಮಾಡಿದರೆ ಇನ್ನೊಂದರಲ್ಲಿ ಬರುತ್ತದೆ. ಮೂರೂ ಗ್ಯಾರೇಜಿನಲ್ಲಿ ಆಗಿದ್ದು ಇದೇ.

ಹೊಸ ಪೈಪಿಗೆ 180 ರೂಪಾಯಿ. ಹಾಕಿದ ಮೇಲೆ ಆಯಿಲ್ ಮುಚ್ಚಳ ತೆಗೆದು ನೋಡಿದೆ, ಹೊಗೆ ಬುಸುಗುಟ್ಟುತ್ತಿಲ್ಲ, ಅಂದರೆ ರಿಂಗುಗಳು ಇನ್ನೂ ಗಟ್ಟಿ ಇವೆ. ಆರು ದಿನ ಆಯಿತು, ರಟ್ಟಿನ ಮೇಲೆ ಒಂದು ಕಲೆಯಿಲ್ಲ.

ನನಗೆ ಮೆಕ್ಯಾನಿಕ್‌ಗಳ ಮೇಲೆ ದ್ವೇಷ ಇಲ್ಲ. ಕೆಸರಿನಲ್ಲಿ ಮಲಗಿ ಕೆಲಸ ಮಾಡುವವರ ಕಷ್ಟ ಗೊತ್ತು. ಆದರೆ ತೊಳೆದು ನೋಡಲು ಬೇಕಿದ್ದದ್ದು ಒಂದು ತಾಸು. ಆ ಒಂದು ತಾಸಿನ ಕೂಲಿ ಐನೂರು ಕೇಳಿದ್ದರೆ ಕೈಮುಗಿದು ಕೊಡುತ್ತಿದ್ದೆ. ನೋಡುವ ಕೆಲಸಕ್ಕೆ ಯಾರೂ ದುಡ್ಡು ಕೇಳುವುದಿಲ್ಲ, ಬಿಚ್ಚುವುದಕ್ಕೆ ಮಾತ್ರ ಕೇಳುತ್ತಾರೆ. ನಾವೂ ಹಾಗೇ ಕೊಡುತ್ತೇವೆ. ಅದಕ್ಕೇ ಎಲ್ಲರೂ ಸುಮ್ನೆ ಸ್ಪ್ಯಾನರ್ ಹಿಡಿದುಕೊಂಡೇ ಬರುತ್ತಾರೆ. ಮಾತೆತ್ತಿದರೆ "ಹಳೇ ಜೀಪ್ ಅಂದ್ರೆ ಸೋರೋದೇ" ಅನ್ನುತ್ತಾರೆ. ಸೋರುವುದೇ ಅದರ ಗುಣ ಆಗಿದ್ದರೆ 17,600 ಯಾವುದಕ್ಕೆ ತೆಗೆದುಕೊಂಡಿರಿ?

ಮೂರನೇ ಗ್ಯಾರೇಜಿಗೆ ಫೋನ್ ಮಾಡಿ ಇದನ್ನೇ ಕೇಳಿದೆ. "ಆಗಿದ್ದಾಯ್ತು ಬಿಡಿ ಗೌಡ್ರೇ, ಸೀಲ್ ಹೊಸದಾಯ್ತಲ್ಲ" ಅಂದು ಇಟ್ಟುಬಿಟ್ಟರು. ಹಳೇ ಸೀಲ್, ಹಳೇ ಕ್ಲಚ್ ಪ್ಲೇಟ್ ಎರಡನ್ನೂ ಅವತ್ತೇ ಕೇಳಿ ಇಸಿದುಕೊಂಡು ಬಂದಿದ್ದೆ. ಸೀಲಿನ ಅಂಚು ಇನ್ನೂ ಮೆತ್ತಗಿದೆ, ಎಲ್ಲೂ ಸೀಳಿಲ್ಲ. ಸೋಮವಾರ ಅವೆರಡರ ಜೊತೆ ಆ ಕಟ್ಟಿಕೊಂಡ ಪೈಪನ್ನೂ ತೆಗೆದುಕೊಂಡು ಹೋಗಿ ಅವರ ಮುಂದೆ ಇಡುತ್ತೇನೆ. ಸಾಮಾನಿನ ದುಡ್ಡು ಬೇಡ, ಕೂಲಿಯಾದರೂ ವಾಪಸ್ ಕೊಡಿ ಅಂತ ಕೇಳುತ್ತೇನೆ. ಅಷ್ಟರೊಳಗೆ ಕೆಳಗಿನ ತೋಟದ ಉದುರು ಹೆಕ್ಕಿ ಮುಗಿಸಬೇಕು.