ಗೋಡೆಯ ಆ ಎರಡು ತುದಿ

‘ಸಾರ್, ಇಷ್ಟು ಹತ್ತಿರ ಹತ್ತಿರ ರಿಂಗ್ ಕಟ್ಟಿದ್ರೆ ಕಾಂಕ್ರೀಟ್ ಇಳಿಯೋದು ಹೇಗೆ?’

ಕಳೆದ ವಾರ ಸೈಟಿನಲ್ಲಿ ಕಂಬಿ ಕಟ್ಟುವ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆಯೇ. ರಿಂಗ್ ಅಂದರೆ ನೆಟ್ಟಗೆ ನಿಂತ ಕಂಬಿಗಳನ್ನು ಸುತ್ತಿ ಹಿಡಿಯುವ ಕಬ್ಬಿಣದ ಬಳೆ. ಲಿಫ್ಟ್ ಪಕ್ಕದ ಶಿಯರ್ ವಾಲ್‌ನ, ಅಂದರೆ ಭೂಕಂಪದ ತಳ್ಳಾಟ ತಡೆಯುವ ಕಾಂಕ್ರೀಟ್ ಗೋಡೆಯ, ಎರಡೂ ತುದಿಯಲ್ಲಿ ಬೆರಳು ತೂರದಷ್ಟು ಕಂಬಿ. ಸಣ್ಣ ಜಲ್ಲಿ ಹಾಕು, ವೈಬ್ರೇಟರ್ ಸರಿಯಾಗಿ ಹಿಡಿ ಅಂತ ಹೇಳಿ ಬಂದೆ. ಆದರೆ ರಿಂಗ್ ಯಾಕೆ ಬೇಕು ಅಂತ ಹೇಳಬೇಕಾದರೆ ಚಿಲಿ ದೇಶದ ಕಥೆಯನ್ನೇ ಹೇಳಬೇಕು.

ಚಿಲಿಗೆ ಭೂಕಂಪ ಹೊಸದಲ್ಲ. ಈವರೆಗೆ ಅಳೆದ ಭೂಕಂಪಗಳಲ್ಲೇ ದೊಡ್ಡದು, 9.5ರದ್ದು, 1960ರಲ್ಲಿ ಆದದ್ದು ಅಲ್ಲೇ. ಹಾಗಾಗಿ ಅವರ ಅಪಾರ್ಟ್‌ಮೆಂಟುಗಳ ತುಂಬ ಕಾಂಕ್ರೀಟ್ ಗೋಡೆಗಳು. 1985ರ ದೊಡ್ಡ ಭೂಕಂಪದಲ್ಲಿ ಅವು ಚೆನ್ನಾಗಿಯೇ ನಿಂತವು. ಅಲ್ಲೇ ಎಡವಟ್ಟಾಯಿತು ನೋಡಿ. ‘ನಮ್ಮ ಗೋಡೆಗಳಿಗೆ ಏನೂ ಆಗಲ್ಲ’ ಎಂಬ ಧೈರ್ಯ ಬಂತು. ಗೋಡೆಯ ತುದಿಗೆ ಒತ್ತಾಗಿ ರಿಂಗ್ ಹಾಕಬೇಕೆಂಬ ಅಮೆರಿಕದ ನಿಯಮವನ್ನು ಚಿಲಿಯ 1996ರ ಕಟ್ಟಡ ನಿಯಮಾವಳಿ ಕೈಬಿಟ್ಟಿತು. ಆಮೇಲೆ ಕಟ್ಟಡ ಎತ್ತರವಾಗುತ್ತಾ ಹೋಯಿತು, ಗೋಡೆ ತೆಳುವಾಗುತ್ತಾ ಬಂತು. 15-20 ಸೆಂಟಿಮೀಟರ್, ಅಷ್ಟೇ.

2010ರ ಫೆಬ್ರವರಿ 27, ಭೂಕಂಪದ ಪ್ರಮಾಣ 8.8. ಬಹುಪಾಲು ಕಟ್ಟಡಗಳು ನಿಂತವು, ಅದನ್ನು ಒಪ್ಪಲೇಬೇಕು. ಆದರೆ ಎಷ್ಟೋ ಹೊಸ ಕಟ್ಟಡಗಳ ಕೆಳಮಹಡಿಯಲ್ಲಿ ಗೋಡೆಯ ತುದಿ ಪುಡಿಯಾಗಿ, ಕಂಬಿಗಳು ಹೊರಗೆ ಉಬ್ಬಿ ನಿಂತವು. ಕನ್ಸೆಪ್ಸಿಯಾನ್ ಊರಿನ ಆಲ್ಟೊ ರಿಯೊ ಎಂಬ 15 ಮಹಡಿಯ ಹೊಸ ಕಟ್ಟಡ ಅಂಗಾತ ಬಿತ್ತು. 8 ಜನ ಸತ್ತರು.

ಯಾಕೆ ಹೀಗಾಗುತ್ತದೆ? ಭೂಮಿ ಅಲುಗಿದಾಗ ಗೋಡೆಯ ಒಂದು ತುದಿ ಹಿಗ್ಗುತ್ತದೆ, ಇನ್ನೊಂದು ಅದುಮಿಕೊಳ್ಳುತ್ತದೆ. ಮರುಕ್ಷಣ ಅದಲುಬದಲು. ಆಗಷ್ಟೇ ಎಳೆದು ಉದ್ದವಾದ ಕಂಬಿಯ ಮೇಲೆ ಈಗ ಇಡೀ ಕಟ್ಟಡದ ಭಾರ. ಅದು ಪಕ್ಕಕ್ಕೆ ಬಾಗದೆ ಇನ್ನೇನು ಮಾಡೀತು? ಎತ್ತಿನ ಗಾಡಿಯ ಚಕ್ರಕ್ಕೆ ಹಾಕುವ ಕಬ್ಬಿಣದ ಪಟ್ಟಿ ಇದೆಯಲ್ಲ, ರಿಂಗಿನ ಕೆಲಸವೂ ಅದೇ. ಕಂಬಿ ಬಾಗದಂತೆ, ಒಳಗಿನ ಕಾಂಕ್ರೀಟು ಚೆದುರದಂತೆ ಬಿಗಿಯಾಗಿ ಹಿಡಿದಿರುವುದು.

ಇನ್ನೊಂದು ವಿಷಯ ಓದಿ ನನಗೆ ನಗು ಬಂತು, ಸಂಕಟವೂ ಆಯಿತು. ಅಲ್ಲೂ ಕಾರು ತಿರುಗಿಸಲು ಜಾಗ ಬೇಕೆಂದು ಬೇಸ್‌ಮೆಂಟಿನಲ್ಲಿ ಗೋಡೆಯನ್ನು ಮೋಟು ಮಾಡುತ್ತಿದ್ದರಂತೆ. ಹೆಚ್ಚು ಬಲ ಬೇಕಾದ ಜಾಗದಲ್ಲೇ ಗೋಡೆಗೆ ಕತ್ತರಿ! ‘ಇಲ್ಲಿ ಸ್ವಲ್ಪ ಕಟ್ ಮಾಡಿ ಸಾರ್, ಇನ್ನೆರಡು ಕಾರು ನಿಲ್ಲುತ್ತೆ’ ಎಂಬ ಮಾತನ್ನು ನಾನು ಬೆಂಗಳೂರಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಚಿಲಿಯವರು ಮರುವರ್ಷವೇ ನಿಯಮ ಬಿಗಿ ಮಾಡಿದರು. ಭೂಕಂಪ ತಾಳುವ ಕಾಂಕ್ರೀಟ್ ಕಟ್ಟಡಗಳಿಗೆ ನಮ್ಮ ದೇಶದ ನಿಯಮಾವಳಿಯಾದ ಐಎಸ್ 13920 ಕೂಡ ಕನಿಷ್ಠ 150 ಮಿಲಿಮೀಟರ್ ದಪ್ಪ, ತುದಿಗೆ ರಿಂಗ್ ಎಲ್ಲ ಹೇಳುತ್ತದೆ. ಆದರೆ ‘ನಮ್ಮ ಕಡೆ ಭೂಕಂಪ ಎಲ್ಲಿ ಸಾರ್, ಸುಮ್ನೆ ಖರ್ಚು’ ಅಂದುಬಿಟ್ಟರೆ ಮುಗಿಯಿತು. ಕಲಬುರಗಿ, ಬೀದರ್‌ನವರಿಗೆ ಪಕ್ಕದ ಮಹಾರಾಷ್ಟ್ರದ 1993ರ ಕಿಲ್ಲಾರಿ ಭೂಕಂಪ ನೆನಪಿರುತ್ತದೆ. ಅದೂ ಆಗಿನ ಭೂಕಂಪ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಜಾಗವೇ ಆಗಿತ್ತು.

ಅಂದ ಹಾಗೆ, ಆ ಹುಡುಗನ ರಿಂಗುಗಳ ಕೊಕ್ಕೆ 90 ಡಿಗ್ರಿಗೆ ಬಾಗಿತ್ತು. 135 ಬೇಕು. ಕಂಬಿಯ ಹೊರಗಿನ ಕಾಂಕ್ರೀಟ್ ಪದರ ಉದುರಿದರೆ 90ರ ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ಎಲ್ಲ ಬಿಚ್ಚಿಸಿ ಹೊಸದು ಮಾಡಿಸಿದೆ. ಅವನು ಮಧ್ಯಾಹ್ನದ ಊಟಕ್ಕೆ ಹೋಗುವಾಗ ನನ್ನ ಕಡೆ ನೋಡಲೂ ಇಲ್ಲ.