ಲೇಹ್‌ಗೆ 21, ಈರೋಡಿಗೆ 27

ದಿಲ್ಲಿಯಿಂದ ಲೇಹ್‌ಗೆ ಸರ್ಕಾರಿ ಬಸ್ಸಿನಲ್ಲಿ ಹೋಗಿಬಂದವರನ್ನು ಗುರುತಿಸುವುದು ಸುಲಭ. ಕೇಳದಿದ್ದರೂ ಹೇಳುತ್ತಾರೆ. ಸಾವಿರ ಕಿಲೋಮೀಟರ್ ಆಸುಪಾಸಿನ ದಾರಿ, ಕೇಲಾಂಗ್‌ನಲ್ಲಿ ರಾತ್ರಿ ತಂಗು, 4,890 ಮೀಟರ್ ಎತ್ತರದ ಬಾರಾಲಾಚಾ, 5,328 ಮೀಟರಿನ ತಂಗ್‌ಲಂಗ್ ಲಾ, ನಡುವೆ ಗಾಟಾ ಲೂಪ್ಸ್ ಎಂಬ 21 ಹೇರ್‌ಪಿನ್ ತಿರುವು. ಇಪ್ಪತ್ತೊಂದು ಅನ್ನುವಾಗ ದನಿ ತಗ್ಗುತ್ತದೆ, ಕಣ್ಣು ಗೋಡೆಯಾಚೆ ಎಲ್ಲೋ ನೆಡುತ್ತದೆ.

ತಮಿಳುನಾಡಿನ ಗಡಿಯ ಬೆಟ್ಟದೂರು ತಾಳವಾಡಿಯ ಚಹಾದಂಗಡಿಯಲ್ಲಿ ಈ ಕಥೆ ಹೇಳಿ ನೋಡಿ. "ಅಷ್ಟೇಯಾ?" ಅಂತಾರೆ. ಕೆಳಗಿನ ಬಣ್ಣಾರಿಗೂ ಮೇಲಿನ ದಿಂಬಂಗೂ ನಡುವಿನ ಘಾಟಿಯಲ್ಲಿ ತಿರುವು 27. ಆರು ಜಾಸ್ತಿ. ಅದೂ ಹಿಮ ನೋಡಲಿಕ್ಕಲ್ಲ, ಪಟ್ಟಾದಲ್ಲಿ, ಅಂದರೆ ಜಮೀನಿನ ಹಕ್ಕುಪತ್ರದಲ್ಲಿ, ಅಪ್ಪನ ಹೆಸರು ತಪ್ಪಾಗಿದೆ ಎಂದು ಈರೋಡಿನ ಜಿಲ್ಲಾ ಕಚೇರಿಗೆ ಅರ್ಜಿ ಕೊಡಲಿಕ್ಕೆ.

1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಹೋಯಿತು. ಪಕ್ಕದಲ್ಲೇ ಕನ್ನಡ ಮಾತಾಡುತ್ತ ಕೂತಿದ್ದ ತಾಳವಾಡಿ ಉಳಿದುಬಿಟ್ಟಿತು. 1979ರಲ್ಲಿ ಕೊಯಮತ್ತೂರು ಒಡೆದು ಪೆರಿಯಾರ್ ಜಿಲ್ಲೆಯಾಯಿತು, ಆಮೇಲೆ ಅದಕ್ಕೇ ಈರೋಡು ಎಂದು ಹೆಸರಾಯಿತು, 2016ರಲ್ಲಿ ತಾಳವಾಡಿಯೇ ತಾಲೂಕಾಯಿತು. ಬೆಟ್ಟ ಮಾತ್ರ ಇದ್ಯಾವ ಗೆಜೆಟ್ಟನ್ನೂ ಓದಲಿಲ್ಲ. ಚಾಮರಾಜನಗರ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು, ದಾರಿಯೂ ಸಮ. ಜಿಲ್ಲಾ ಕಚೇರಿ ಇರುವುದು ಕಾಡು ದಾಟಿ, ಘಾಟಿ ಇಳಿದು, ನೂರು ಕಿಲೋಮೀಟರಿಗೂ ಆಚೆ. ಹಿಮಾಲಯದಲ್ಲಿ ದುಡ್ಡು ಕೊಟ್ಟು ಪಡೆಯುವ ಸಾಹಸವನ್ನು ಇಲ್ಲಿ ಬಸ್ ಚಾರ್ಜಿನಲ್ಲೇ ಕೊಡುತ್ತಿರುವ ಸರ್ಕಾರದ ಔದಾರ್ಯಕ್ಕೆ ತಕ್ಕ ಪ್ರಚಾರ ಸಿಕ್ಕಿಲ್ಲ. ಹೊಸದಾಗಿ ಹೊರಡುವವರಿಗೆ ಕೆಲವು ಸೂಚನೆಗಳು.

ಮೊದಲು ಚೀಲ. ಅರವತ್ತು ಲೀಟರಿನ ಬೆನ್ನುಚೀಲ ಬೇಡ, ಜವಳಿ ಅಂಗಡಿಯ ಹಳದಿ ಬಟ್ಟೆಚೀಲ ಸಾಕು. ತಮಿಳುನಾಡು ಸರ್ಕಾರವೇ 2021ರಲ್ಲಿ 'ಮೀಂಡುಂ ಮಂಜಪ್ಪೈ', ಅಂದರೆ ಮತ್ತೆ ಹಳದಿ ಚೀಲ, ಎಂದು ಅದಕ್ಕೆ ಮರುಜೀವ ಕೊಟ್ಟಿದೆ. ಒಳಗೆ ಪಟ್ಟಾ, ಜಮೀನಿನ ವಿವರದ ಚಿಟ್ಟಾ, ರೇಷನ್ ಕಾರ್ಡು, ಆಧಾರಿನ ಮೂರು ಜೆರಾಕ್ಸು: ಕೇಳಿದವರಿಗೊಂದು, ಅದನ್ನು ಕಳೆದವರಿಗೊಂದು, ಮೊದಲೇ ಯಾಕೆ ಕೊಡಲಿಲ್ಲ ಎಂದು ಗದರುವವರಿಗೊಂದು. ಮೇಲೆ ತಮಿಳಿನಲ್ಲಿ ಬರೆಸಿದ 'ಮನು', ಅಂದರೆ ಅರ್ಜಿ. ತಪ್ಪು ಹುಟ್ಟುವುದೇ ಲಿಪಿಯಲ್ಲಿ. ತಮಿಳಿನಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ, ತ-ದಕ್ಕೂ ಒಂದೇ, ಪ-ಬಕ್ಕೂ ಒಂದೇ. ಹಾಗಾಗಿ ಕಡತಕ್ಕೆ ಹೋದ ಬಸಪ್ಪ ಇಂಗ್ಲಿಷಿಗೆ ಏರಿ ವಾಪಸು ಬರುವಾಗ ಪಸಪ್ಪನಾಗಿರುತ್ತಾನೆ, ದೇವಮ್ಮ ತೇವಮ್ಮನಾಗಿರುತ್ತಾಳೆ. ಬಸಪ್ಪನೇ ಪಸಪ್ಪ ಎಂದು ಸಾಬೀತು ಮಾಡಲು 27 ತಿರುವು. ಸಾಬೀತು ಮಾಡುವ ಕಾಗದವೂ ಅದೇ ಲಿಪಿಯಲ್ಲಿರಬೇಕು.

ಬಸ್ಸಿನ ಬೋರ್ಡು ಓದುವುದು ಮುಂದಿನ ಪಾಠ. ತಮಿಳು ಬಾರದ ಅಜ್ಜಿಯರು ಅಕ್ಷರ ಓದುವುದಿಲ್ಲ, ಆಕಾರ ನೋಡುತ್ತಾರೆ. ಮೊದಲ ಅಕ್ಷರದಲ್ಲಿ ಎರಡು ಚುಕ್ಕಿ ಇದ್ದರೆ ಈರೋಡು. ಒಂದರ ಮೇಲೊಂದು ಸುಳಿಯಿಂದ ಶುರುವಾದರೆ ಕೋವೈ, ಅಂದರೆ ಕೊಯಮತ್ತೂರು. ಪಕ್ಕಪಕ್ಕದ ಜೋಡಿ ಸುಳಿಯಿದ್ದರೆ ಮೈಸೂರು. ಧೂಳು ಕೂತು ಸುಳಿ ಮಾಸಿದರೆ ಮೈಸೂರಿಗೆ ಹೊರಟವರು ಕೊಯಮತ್ತೂರಿನಲ್ಲಿ ಇಳಿಯುವುದುಂಟು. ಅದಕ್ಕೇ ಹತ್ತುವ ಮುಂಚೆ ಕಂಡಕ್ಟರಣ್ಣನನ್ನು ಕೇಳಿ. "ಸತ್ತಿ, ಸತ್ತಿ" ಎಂದು ಕೂಗಿದರೆ ಗಾಬರಿಯಾಗಬೇಡಿ, ಅದು ಸತ್ಯಮಂಗಲ. ಘಾಟಿ ಕಂಡವರಿಗೆ ಅದು ಮುನ್ನೆಚ್ಚರಿಕೆಯಂತೆ ಕೇಳಿದರೆ ತಪ್ಪು ಕಂಡಕ್ಟರನದಲ್ಲ.

ಸೀಟು ಎರಡು ಚಕ್ರಗಳ ನಡುವೆ ಹಿಡಿಯಿರಿ. ಹಿಂದಿನ ಗಾಲಿಗಿಂತ ಹಿಂದಕ್ಕೆ ಚಾಚಿದ ಭಾಗ ತಿರುವಿನಲ್ಲಿ ಬಾಲದಂತೆ ಬೀಸುತ್ತದೆ, ಗುಂಡಿಗೆ ಬಿದ್ದರೆ ತಲೆ ಚಾವಣಿಗೆ. ವಾಂತಿ ಬರುವುದು ಹೊಟ್ಟೆಯ ತಪ್ಪಿನಿಂದಲ್ಲ. ಕಿವಿಯೊಳಗಿನ ಸಮತೋಲನ "ತಿರುಗುತ್ತಿದ್ದೇವೆ" ಅನ್ನುತ್ತದೆ, ಮುಂದಿನ ಸೀಟಿನ ಬೆನ್ನು ನೋಡುತ್ತಿರುವ ಕಣ್ಣು "ಕೂತೇ ಇದ್ದೇವೆ" ಅನ್ನುತ್ತದೆ. ಕಿಟಕಿಯಿಂದ ದೂರ ನೋಡಿದರೆ ಇಬ್ಬರಿಗೂ ರಾಜಿಯಾಗುತ್ತದೆ. ತಿರುವಿನಲ್ಲಿ ಮನು ತೆಗೆದು ಓದಬೇಡಿ. ಅವೋಮಿನ್ ಮಾತ್ರೆ ನುಂಗುವವರು ಹೊರಡುವ ಒಂದೆರಡು ಗಂಟೆ ಮುಂಚೆ ನುಂಗಬೇಕು, ದಿಂಬಂನಲ್ಲಿ ನುಂಗಿದ್ದು ಇಪ್ಪತ್ತನೇ ತಿರುವಿಗೆ ಹೊರಗೆ ಬರುತ್ತದೆ. ಅದು ಮಂಪರು ತರುವ ಮಾತ್ರೆ. ಅದರಿಂದ ನಷ್ಟವಿಲ್ಲ, ಕಲೆಕ್ಟರ್ ಆಫೀಸಿನ ಬೆಂಚಿನಲ್ಲಿ ಉಪಯೋಗಕ್ಕೆ ಬರುತ್ತದೆ.

ಘಾಟಿಯಲ್ಲಿ ಕೆಡುವುದು ಸಾಮಾನ್ಯವಾಗಿ ಬಸ್ಸಲ್ಲ, ಎದುರಿನ ಲಾರಿ. ಉದ್ದ ಗಾಡಿಯ ಮುಂದಿನ ಗಾಲಿ ದೊಡ್ಡ ಸುತ್ತು ಹಾಕಿದರೂ ಹಿಂದಿನವು ಅಡ್ಡದಾರಿ ಹಿಡಿದು ಒಳಗಿನ ಮೋರಿ ಕಡೆಗೆ ಎಳೆಯುತ್ತವೆ. ಒಂದೇ ಏಟಿಗೆ ತಿರುಗದಾಗ ಚಾಲಕ ರಿವರ್ಸ್ ಹಾಕುತ್ತಾನೆ. ತುಂಬಿದ ಲೋಡು, ಏರು ದಾರಿ, ಅರ್ಧ ಒತ್ತಿದ ಕ್ಲಚ್ಚು. ಸುಟ್ಟ ವಾಸನೆ ಬಂತೆಂದರೆ ಕ್ಲಚ್ ಪ್ಲೇಟ್ ಹೋಯಿತು, ಸಂತೆಯೂ ಹೋಯಿತು. ಇಳಿಯುವವರದು ಬೇರೆ ಜಾಣತನ: ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುತ್ತಾರೆ, ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಡ್ರಮ್ಮು ಕಾದು ಬ್ರೇಕು ಹಿಡಿಯುವುದೇ ಇಲ್ಲ. ಲಾರಿ ಅಡ್ಡ ನಿಂತಾಗ ಕೆಳಗಿನವರು ಮೇಲೆ ಬಂದು ಸಲಹೆ ಕೊಡುತ್ತಾರೆ, ಮೇಲಿನವರು ಕೆಳಗೆ ಬಂದು ಸಲಹೆ ಕೊಡುತ್ತಾರೆ. ಕ್ರೇನ್ ಸಲಹೆ ಕೊಡುವುದಿಲ್ಲ, ಆದ್ದರಿಂದ ನಿಧಾನವಾಗಿ ಬರುತ್ತದೆ.

ಆನೆಗಳ ಆಡಳಿತ ಇದಕ್ಕಿಂತ ಚುರುಕು. ಕಾರಪಳ್ಳಂ ಚೆಕ್‌ಪೋಸ್ಟಿನ ಬಳಿ ಕಬ್ಬಿನ ಲಾರಿ ನಿಂತರೆ ಸೊಂಡಿಲು ಚಾಚಿ ವಸೂಲಿ ಮುಗಿಸಿ ಕಾಡಿಗೆ ಹೋಗುತ್ತವೆ. ಅರ್ಜಿ, ಜೆರಾಕ್ಸು, "ನಾಳೆ ಬನ್ನಿ" ಒಂದೂ ಇಲ್ಲ. ಬಸ್ಸಿನವರು ಹಾರ್ನ್ ಹೊಡೆಯದೆ ಎಂಜಿನ್ ಚಾಲೂ ಇಟ್ಟು ಕಾಯುತ್ತಾರೆ. ನೀವು ಕಿಟಕಿಯಿಂದ ಫೋನಿನ ಫ್ಲ್ಯಾಶ್ ಹೊಡೆಯದಿದ್ದರೆ ಎಲ್ಲರೂ ಈರೋಡು ಸೇರುತ್ತಾರೆ.

ಈ ಕಾಡು 2013ರಿಂದ ಹುಲಿ ಮೀಸಲು. ವಾಹನಕ್ಕೆ ಸಿಕ್ಕಿ ಚಿರತೆ, ಜಿಂಕೆ ಸಾಯುತ್ತವೆ ಎಂದು 2022ರ ಫೆಬ್ರವರಿಯಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ರಾತ್ರಿ ಸಂಚಾರಕ್ಕೆ ಕಡಿವಾಣ ಬಿದ್ದಿದೆ. ಚಿರತೆಯ ನಿದ್ದೆಗೆ ಯಾರ ತಕರಾರೂ ಇಲ್ಲ. ಆದರೆ ರಾತ್ರಿಯೆಲ್ಲ ತಡೆದ ಲಾರಿಗಳನ್ನು ಬೆಳಿಗ್ಗೆ 6ಕ್ಕೆ ಗೇಟು ತೆಗೆದು ಒಟ್ಟಿಗೆ ಬಿಡುವ ಹೊತ್ತಿಗೇ ಕಚೇರಿಗೆ ಹೊರಟವರ ಬಸ್ಸೂ ಅಲ್ಲಿರುತ್ತದೆ. ಘಾಟಿ ಅಗಲಿಸಿದರೆ ಕಾಡಿಗೆ ಏಟು, ಬಿಟ್ಟರೆ ಜನಕ್ಕೆ ಏಟು. ಕಚೇರಿಯ ಒಂದು ಮೇಜನ್ನು ವಾರಕ್ಕೊಮ್ಮೆ ಘಾಟಿ ಹತ್ತಿಸಿದರೆ ಯಾರಿಗೂ ಏಟಿಲ್ಲ, ಮೇಜಿಗೆ ವಾಂತಿಯಾಗುವುದಿಲ್ಲ. ದೊಡ್ಡವರಿಗೆ ಈ ದಾರಿ ಗೊತ್ತಿಲ್ಲವೆಂದೂ ಅಲ್ಲ. 2000ದ ಜುಲೈ 30ರಂದು ತಾಳವಾಡಿ ಪಕ್ಕದ ಗಾಜನೂರಿನಿಂದ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಕರೆದೊಯ್ದಾಗ ಪೊಲೀಸರು, ಪತ್ರಕರ್ತರು ಎಲ್ಲರಿಗೂ ತಾಳವಾಡಿ ನಕ್ಷೆಯಲ್ಲಿ ಸಿಕ್ಕಿತ್ತು. 108 ದಿನ ಸಿಕ್ಕೇ ಇತ್ತು.

ಕಲೆಕ್ಟರ್ ಕಚೇರಿಯ ಕುಂದುಕೊರತೆ ದಿನ ಸೋಮವಾರ. ಸತ್ತಿಯಲ್ಲಿ ಬಸ್ಸು ಬದಲಿಸಿ ಬೆಳಿಗ್ಗೆ ಸರಿಯಾದ ಹೊತ್ತಿಗೆ ತಲುಪಬೇಕೆಂದರೆ ಭಾನುವಾರವೇ ಇಳಿದು ಲಾಡ್ಜ್ ಹಿಡಿಯುವುದು ಕ್ಷೇಮ. ತಮ್ಮೂರಿಗೆ ಹೆಚ್ಚು ಬಸ್ಸು ಬೇಕು ಎಂದು ಮನು ಕೊಡಲು ಬಂದವರಿಗೆ ಇದನ್ನು ವಿಶೇಷವಾಗಿ ನೆನಪಿಸಬೇಕಾಗುತ್ತದೆ. ಸಾಲು, ಟೋಕನ್ನು, ಮುದ್ರೆ, ರಸೀದಿ. ರಸೀದಿ ಜೋಪಾನ. ಮರಳುವಾಗ ರಾತ್ರಿ ಗೇಟು ಹಾಕುವ ಮುಂಚೆ ಘಾಟಿ ಹತ್ತುವ ಬಸ್ಸು ಹಿಡಿಯಿರಿ, ತಪ್ಪಿದರೆ ಬಣ್ಣಾರಿ ಅಮ್ಮನ ಗುಡಿಯ ಪೌಳಿಯೇ ಗತಿ.

ಮನು ನಿಮ್ಮೊಂದಿಗೆ ಬರುವುದಿಲ್ಲ, ಹಿಂದಿನಿಂದ ಬರುತ್ತದೆ. "ಸೂಕ್ತ ಕ್ರಮಕ್ಕಾಗಿ" ಎಂದು ಬರೆಸಿಕೊಂಡು, ಅದೇ 27 ತಿರುವು ಹತ್ತಿ, ತಾಳವಾಡಿ ತಹಶೀಲ್ದಾರ್ ಕಚೇರಿಗೆ. "ಪಸಪ್ಪ ಯಾರು, ಖುದ್ದಾಗಿ ಬರಲಿ" ಎಂದು ಅಲ್ಲಿಂದ ಹೇಳಿ ಕಳಿಸುತ್ತಾರೆ. ಇದಕ್ಕೆ ಬಸ್ಸು ಬೇಕಿಲ್ಲ, ನಡೆದೇ ಹೋಗಬಹುದು.