ಪದಕಕ್ಕೂ ಮೊದಲು ಪಂಕ್ತಿಯಲ್ಲಿ ಬಡಿಸಲಿ

ನಾನು ತುಮಕೂರಿನವನು, ಈಗ ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಇಲ್ಲಿ ಸ್ಕೌಟ್ ಮಕ್ಕಳು ತಮ್ಮ ಧರ್ಮದ ಬಗ್ಗೆ ಕಲಿತರೆ ಅದಕ್ಕೊಂದು ಪದಕ ಉಂಟು. ಹಿಂದೂ ಮಕ್ಕಳಲ್ಲಿ ಚಿಕ್ಕವರಿಗೆ, ಅಂದರೆ ಕಬ್‌ಗಳಿಗೆ 'ಧರ್ಮ', ದೊಡ್ಡವರಿಗೆ 'ಕರ್ಮ'. ಕೊಡುವುದು ಸ್ಕೌಟ್ ಸಂಸ್ಥೆಯಲ್ಲ, ಆಯಾ ಧರ್ಮದವರ ಸಂಸ್ಥೆ. ಪದಕ ಬಂದ ಮೇಲೆ ಯೂನಿಫಾರ್ಮ್ ಮೇಲೆ ನೇರಳೆ ಬಟ್ಟೆಯ, ಬೆಳ್ಳಿ ಬಣ್ಣದ ಗಂಟಿನ ಪಟ್ಟಿ ಹೊಲಿದುಕೊಳ್ಳಬಹುದು. ಕನ್ನಡದ ಮನೆಗಳ ನಾಲ್ಕಾರು ಮಕ್ಕಳನ್ನು ಕೂರಿಸಿಕೊಂಡು ಇದನ್ನು ನಡೆಸುತ್ತಿದ್ದೇನೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಮಕ್ಕಳ ಪ್ರಶ್ನೆಗಳು. ಒಬ್ಬ ಹುಡುಗ ಪಕ್ಕದವನನ್ನು ಕೇಳಿದ, "ಇಷ್ಟಲಿಂಗ ಕೈಯಲ್ಲೇ ಇದ್ದಮೇಲೆ ನಿಮ್ಮಮ್ಮ ದೇವಸ್ಥಾನಕ್ಕೆ ಯಾಕೆ ಬರ್ತಾರೆ?" ಅವತ್ತು ಪದಕಕ್ಕಾಗಿ ಉತ್ತರ ಬರೆಯುವ ಪುಸ್ತಕ ಮುಚ್ಚಿಟ್ಟು ಅದೊಂದನ್ನೇ ಮಾತಾಡಿದೆವು. ಚಿಕ್ಕವನಿದ್ದಾಗ ಊರಲ್ಲಿ ನಾನು ಹೀಗೆ ಕೇಳಿದ್ದರೆ "ಸುಮ್ನೆ ಕೈ ಮುಗಿ" ಅನ್ನುತ್ತಿದ್ದರು, ಅಷ್ಟೇ.

ಆದರೆ ಪುಸ್ತಕದಲ್ಲಿ ಉತ್ತರ ಬರೆದು ಸಹಿ ಹಾಕಿಸಿಕೊಂಡರೆ ಮುಗೀತು ಅನ್ನುವ ಅವಸರ ಇಲ್ಲಿ ಜಾಸ್ತಿ. ಎಷ್ಟೋ ಮನೆಗಳಲ್ಲಿ ಉತ್ತರ ಬರೆಯುವುದು ಅಪ್ಪ ಅಮ್ಮ. ಸೇವೆಯ ಭಾಗ ಒಂದು ಫೋಟೋದಲ್ಲಿ ಮುಗಿದುಹೋಗುತ್ತದೆ. ಅಂಥದ್ದಕ್ಕೆ ನಾನು ಸಹಿ ಹಾಕುವುದಿಲ್ಲ, ಯಾರು ಬೇಜಾರು ಮಾಡಿಕೊಂಡರೂ ಸರಿ.

ಸಿದ್ಧಗಂಗೆ ನೋಡಿ ಬೆಳೆದವರಿಗೆ ಇದು ಒಪ್ಪುವ ಮಾತೇ ಅಲ್ಲ. ಸಂಜೆ ಬಯಲಲ್ಲಿ ಸಾಲಾಗಿ ಕೂತು ಸಾವಿರಾರು ಮಕ್ಕಳು ಪ್ರಾರ್ಥನೆ ಮಾಡುತ್ತಾರೆ, ಯಾವ ಜಾತಿ ಅಂತ ಕೇಳದೆ ಅವರಿಗೆ ಊಟ, ವಸತಿ, ಓದು ಎಲ್ಲ ಮಠದ್ದೇ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ನಡೆಸಿಕೊಂಡು ಬಂದ ದಾಸೋಹ ಅದು. ಅಲ್ಲಿ ಎಲ್ಲರ ಜೊತೆ ಕೂತು ಉಣ್ಣುವುದರಲ್ಲೇ ಧರ್ಮ ಮೈಗೆ ಹತ್ತುತ್ತದೆ, ಅದಕ್ಕೆ ಯಾರೂ ಪದಕ ಕೊಡುವುದಿಲ್ಲ.

ಹಾಗಾಗಿ ನಮ್ಮ ಗುಂಪಿನಲ್ಲಿ ಪುಸ್ತಕ ತೆಗೆಯುವ ಮೊದಲು ಕನ್ನಡ ಸಂಘದ ಊಟದಲ್ಲಿ ಬಡಿಸಬೇಕು. ಮೊದಲ ಸಲ ಸಾರು ಹಿಡಿದ ಹುಡುಗಿಯೊಬ್ಬಳು ನಿಂತಲ್ಲಿಂದಲೇ ಸುರಿಯಹೋದಳು. ಅಜ್ಜಿಯೊಬ್ಬರು ಎಲೆಗೆ ಕೈ ಅಡ್ಡ ಹಿಡಿದು, "ಬಗ್ಗಿ ಬಡಿಸವ್ವ, ಮುದ್ದೆ ಪಕ್ಕಕ್ಕೆ ಬಿಡು" ಅಂದರು. ಆಮೇಲೆ ಅವಳು ಪ್ರತಿ ಎಲೆಯ ಮುಂದೆ ಬಗ್ಗಿ, ಸಾಕಾ ಅಂತ ಕೇಳಿಕೊಂಡು ಹೋದಳು. ಅವಳ ಪುಸ್ತಕಕ್ಕೆ ಖುಷಿಯಿಂದ ಸಹಿ ಹಾಕಿದೆ.

ತುಮಕೂರಿನ ಸ್ಕೌಟ್ ಮೇಷ್ಟ್ರುಗಳಿಗೆ, ಗೈಡ್ ಟೀಚರ್‌ಗಳಿಗೆ ನನ್ನದೊಂದು ಕೋರಿಕೆ. ನಿಮ್ಮಲ್ಲಿ ಸರ್ವಧರ್ಮ ಪ್ರಾರ್ಥನೆ ಹೇಗೂ ನಡೆಯುತ್ತದೆ ಅಲ್ವಾ? ಅದು ಮುಗಿದ ಮೇಲೆ ಐದಾರು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಈಗ ಹೇಳಿದ್ದರಲ್ಲಿ ನಿಮಗೆ ಅರ್ಥ ಆಗದ್ದು ಯಾವುದು ಅಂತ ಕೇಳಿ. ಉತ್ತರ ತಕ್ಷಣಕ್ಕೆ ಹೊಳೆಯದಿದ್ದರೆ, ವಿಚಾರಿಸಿ ಮುಂದಿನ ವಾರ ಹೇಳ್ತೀನಿ ಅಂದರೂ ಆಯಿತು.